೧೯೯೧ನೆಯ ಇಸವಿಯ ರಾಕ್ ಸಂಗೀತ

ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಅಭಿರುಚಿಯುಳ್ಳವರ ಪೈಕಿ ಈಗ ಐವತ್ತರ ಆಸುಪಾಸಿನಲ್ಲಿರುವ ತಲೆಮಾರಿನವರು ೧೯೯೧ನೆಯ ಇಸವಿಯನ್ನು ಸ್ಮರಿಸುವ ಬಗೆಯು ವಿಚಾರಾರ್ಹವಾದುದು. ಅಂಥ ವರ್ಷವು ಹಿಂದೆ ಇರಲಿಲ್ಲ, ಮುಂದೆ ಬರಲಾರದು ಎಂಬುದೇ ಅವರ ಸಿದ್ಧಾಂತ. ತಾರುಣ್ಯದಲ್ಲಿ ಕೇಳಿದ ಹಾಡು ಯಾರಿಗೆ ತಾನೆ ಮಧುರವಲ್ಲ? ಹಂಸಪದಿಕೆಯ ಗೀತವು ಕಿವಿಗೆ ಬಿದ್ದೊಡನೆ, ಕಾರಣವನ್ನರಿಯದೆಯೇ ದುಷ್ಯಂತನ ಮನಸ್ಸು ಕಲಕಿತೆಂದು ಕಾಳಿದಾಸನು ವರ್ಣಿಸಿರುವನಷ್ಟೆ. ಆದರೆ ಸ್ಮರಣೆಯ ಮಾಧುರ್ಯವು ಬೇರೆ, ಚರಿತ್ರೆಯ ಸಾಕ್ಷ್ಯವು ಬೇರೆ. ಆ ವರ್ಷ ನಡೆದುದನ್ನು ಕ್ರಮವಾಗಿ ನೋಡಿದಲ್ಲಿ ಅವರ ಅಭಿಮಾನವು ಬರಿಯ ಪ್ರಾಯದ ಭ್ರಮೆಯಲ್ಲವೆಂದು ತಿಳಿದುಬರುತ್ತದೆ.

ಆಲ್ಬಮ್ ಎಂದು ಕರೆಯಲ್ಪಡುವ ನಾದಸಂಪುಟವು ಹತ್ತು ಹನ್ನೆರಡು ಹಾಡುಗಳನ್ನು ಒಂದು ಕ್ರಮದಲ್ಲಿ ಕೋದುದಾಗಿದೆ. ಮುಕ್ತಕಕ್ಕೂ ಸರ್ಗಬಂಧಕ್ಕೂ ಇರುವ ಭೇದವೇ ಬಿಡಿಹಾಡಿಗೂ ಸಂಪುಟಕ್ಕೂ ಇದೆಯೆನ್ನಬಹುದು. ಕ್ಯಾಸೆಟ್ಟಿನಲ್ಲಿ ನಡುವಿನ ಹಾಡನ್ನು ದಾಟಿ ಮುಂದೆ ಹೋಗುವುದು ಪ್ರಯಾಸದ ಕೆಲಸವಾದುದರಿಂದ ಕೇಳುವವರು ಮೊದಲಿನಿಂದ ಕಡೆಯವರೆಗೆ ಕೇಳುತ್ತಿದ್ದರು. ಇಡೀ ಸಂಪುಟವು ಬಾಯಿಪಾಠವಾಗುತ್ತಿದ್ದುದು ಹೀಗೆ.

ಆ ವರ್ಷದ ಪ್ರಸಿದ್ಧಿಗೆ ಸಂಗೀತಕ್ಕೆ ಸಂಬಂಧವೇ ಇಲ್ಲದ ಕಾರಣವೊಂದುಂಟು. ಅಭಿಮಾನಿಗಳು ಅದನ್ನು ಹೇಳುವುದು ಕಡಿಮೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯು ಯಾವ ಸಂಪುಟವು ಹೆಚ್ಚು ಮಾರಾಟವಾಯಿತೆಂಬ ಪಟ್ಟಿಯನ್ನು ವಾರವಾರವೂ ಪ್ರಕಟಿಸುತ್ತಿತ್ತು. ಅಂಗಡಿಯವರು ತಮಗೆ ತೋರಿದಂತೆ ಹೇಳಿದುದೇ ಅದಕ್ಕೆ ಪ್ರಮಾಣವಾಗಿತ್ತು. ೧೯೯೧ರ ಮೇ ತಿಂಗಳಿನಿಂದ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯು ಬಂದು, ಅಂಗಡಿಯ ಕಟ್ಟೆಯಲ್ಲಿ ಪೆಟ್ಟಿಗೆಯ ಮೇಲಣ ಗೀಟುಗಳನ್ನು ಯಂತ್ರವೇ ಓದಿ ಲೆಕ್ಕವಿಡತೊಡಗಿತು. ಕೂಡಲೇ ಪಟ್ಟಿಯ ಮುಖವೇ ಬದಲಾಯಿತು. ಗ್ರಾಮೀಣ ಶೈಲಿಯ ಗಾರ್ಥ್ ಬ್ರೂಕ್ಸ್, ನೀಗ್ರೋ ಬಡಾವಣೆಗಳ ರ್‍ಯಾಪ್ ಗಾಯಕರಾದ ಎನ್.ಡಬ್ಲ್ಯೂ.ಎ. ತಂಡದವರು, ಕರ್ಕಶವಾದ ಮೆಟಲ್ ವಾದ್ಯಗಾರರು, ಇವರೆಲ್ಲ ಒಮ್ಮೆಗೇ ಶಿಖರಕ್ಕೇರಿದರು. ಹೊಸಬರು ಹುಟ್ಟಿದುದಕ್ಕಿಂತ ಇದ್ದವರು ಕಣ್ಣಿಗೆ ಬಿದ್ದುದೇ ಹೆಚ್ಚೆನ್ನಬೇಕು.

ಇನ್ನು ಸಿಯಾಟಲ್ ನಗರದ ವೃತ್ತಾಂತ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ಮಳೆಗೆ ಹೆಸರಾದ ಈ ಊರಿನ ತರುಣರ ಸಂಗೀತಕ್ಕೆ ಗ್ರಂಜ್ ಎಂದು ಹೆಸರಾಯಿತು. ಅದರ ಕಥೆಯು ಒಂದು ಮರಣದಿಂದ ಮೊದಲಾಗುತ್ತದೆ. ಮದರ್ ಲವ್ ಬೋನ್ ತಂಡದ ಗಾಯಕನಾದ ಆಂಡ್ರ್ಯೂ ವುಡ್ ಎಂಬವನು ಮಾದಕದ್ರವ್ಯಕ್ಕೆ ಬಲಿಯಾಗಿ ೧೯೯೦ರ ಮಾರ್ಚಿಯಲ್ಲಿ ತೀರಿಕೊಂಡನು. ಅವನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದ ಕ್ರಿಸ್ ಕಾರ್ನೆಲ್ ಎಂಬ ಗಾಯಕನು ಮಿತ್ರಶೋಕದಿಂದ ಹಾಡುಗಳನ್ನು ರಚಿಸಿ, ಮೃತನ ಸಹವಾದಕರನ್ನು ಕೂಡಿಸಿಕೊಂಡು ೧೯೯೧ರ ಏಪ್ರಿಲಿನಲ್ಲಿ ಟೆಂಪಲ್ ಆಫ್ ದಿ ಡಾಗ್ ಎಂಬ ಸಂಪುಟವನ್ನು ಹೊರತಂದನು. ಅದೇ ಸಹವಾದಕರು ಪದಗಳಿಲ್ಲದ ತಮ್ಮ ವಾದ್ಯರಚನೆಗಳ ಕ್ಯಾಸೆಟ್ಟೊಂದನ್ನು ಹೊರಗೆ ಕಳುಹಿಸಿದ್ದರು. ಅದು ಕೈಯಿಂದ ಕೈಗೆ ದಾಟಿ ದೂರದ ಸ್ಯಾನ್ ಡಿಯಾಗೋದಲ್ಲಿದ್ದ ಎಡ್ಡಿ ವೆಡ್ಡರ್ ಎಂಬವನನ್ನು ಮುಟ್ಟಿತು. ಅವನು ಅದಕ್ಕೆ ಪದಗಳನ್ನು ಕಟ್ಟಿ, ತನ್ನ ಕಂಠವನ್ನು ಸೇರಿಸಿ ಹಿಂದಿರುಗಿಸಿದನು. ಹೀಗೆ ರೂಪುಗೊಂಡ ಪರ್ಲ್ ಜ್ಯಾಮ್ ತಂಡದ ಟೆನ್ ಎಂಬ ಸಂಪುಟವು ಆಗಸ್ಟ್ ೨೭ರಂದು ಹೊರಬಿದ್ದಿತು. (ಟೆನ್ ಎಂಬುದು ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಅಂಗಿಯ ಮೇಲಣ ಸಂಖ್ಯೆ, ತತ್ತ್ವಾರ್ಥವನ್ನು ಹುಡುಕುವವರಿಗೆ ನಿರಾಶೆಯೇ ಸರಿ.)

ನಿರ್ವಾಣ ಎಂದು ಬೌದ್ಧರ ಪರಮಪದವನ್ನೇ ತಂಡಕ್ಕೆ ಹೆಸರಾಗಿಟ್ಟುಕೊಂಡವರ ಕಥೆಯು ಇನ್ನೂ ಸೋಜಿಗದ್ದು. ಸಿಯಾಟಲಿನ ಸಣ್ಣ ಪ್ರಕಾಶನವಾದ ಸಬ್ ಪಾಪ್‌ನಿಂದ ೧೯೮೯ರಲ್ಲಿ ಬಂದ ಇವರ ಮೊದಲ ಸಂಪುಟದ ಧ್ವನಿಮುದ್ರಣಕ್ಕೆ ತಗುಲಿದ ವೆಚ್ಚವು ೬೦೦ ಡಾಲರುಗಳಿಗೆ ಸ್ವಲ್ಪ ಮೇಲೆ ಮಾತ್ರ. ಎರಡನೆಯದಾದ ನೆವರ್‌ಮೈಂಡ್ ಸಂಪುಟವು ಬುಚ್ ವಿಗ್ ಎಂಬವನ ನಿರ್ದೇಶನದಲ್ಲಿ ಲಾಸ್ ಏಂಜಲೀಸಿನಲ್ಲಿ ಮುದ್ರಿತವಾಗಿ, ೧೯೯೧ರ ಸೆಪ್ಟೆಂಬರ್ ೨೪ರಂದು ಪ್ರಕಟವಾಯಿತು. ಪ್ರಕಾಶಕರು ಮೊದಲಿಗೆ ಅಮೆರಿಕದ ಅಂಗಡಿಗಳಿಗೆ ಕಳುಹಿಸಿದುದು ಸುಮಾರು ೪೬,೦೦೦ ಪ್ರತಿಗಳನ್ನಷ್ಟೆ. ಪಟ್ಟಿಯಲ್ಲಿ ಅದು ಮೊದಲು ಹಿಡಿದ ಸ್ಥಾನವು ೧೪೪ನೆಯದು. ೧೯೯೨ರ ಜನವರಿ ಹೊತ್ತಿಗೆ ಮೈಕಲ್ ಜ್ಯಾಕ್ಸನ್ನನ ಡೇಂಜರಸ್ ಸಂಪುಟವನ್ನು ಕೆಳಗಿಳಿಸಿ ಅದು ಪ್ರಥಮಸ್ಥಾನವನ್ನೇರಿತು. ಅದರ ಕರ್ತೃವಾದ ಕರ್ಟ್ ಕೋಬೇನನಿಗೆ ಈ ಕೀರ್ತಿಯು ದುಸ್ಸಹವಾಯಿತು. ೧೯೯೪ರ ಏಪ್ರಿಲಿನಲ್ಲಿ ತನ್ನ ೨೭ನೆಯ ವಯಸ್ಸಿನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಮಿತ್ರನಿಗಾಗಿ ಹಾಡಿ ಅತ್ತ ಕಾರ್ನೆಲನೂ ೨೦೧೭ರಲ್ಲಿ ಅದೇ ಹಾದಿಯನ್ನು ಹಿಡಿದನು. ಆ ವರ್ಷದ ಹಾಡುಗಳನ್ನು ಈಗ ಕೇಳುವವರಿಗೆ ಸಂತೋಷದ ಜೊತೆಗೆ ಒಂದು ಸಂಕಟವೂ ಉಂಟಾಗುವುದು ಇದರಿಂದಲೇ; ಅಂದು ಬರಿಯ ಆರ್ಭಟವೆಂದು ತೋರಿದುದರಲ್ಲಿ ಇಂದು ಆರ್ತನಾದವು ಕೇಳಿಸುತ್ತದೆ.

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಗನ್ಸ್ ಎನ್ ರೋಸಸ್ ತಂಡದವರು ಸೆಪ್ಟೆಂಬರ್ ೧೭ರಂದು ಎರಡು ಸಂಪುಟಗಳನ್ನು ಒಟ್ಟಿಗೇ ಹೊರಡಿಸಿ, ಪಟ್ಟಿಯ ಮೊದಲೆರಡು ಸ್ಥಾನಗಳನ್ನೂ ತಾವೇ ಆಕ್ರಮಿಸಿದರು. ಅವೆರಡನ್ನೂ ಸೋಸಿ ಒಂದನ್ನಾಗಿ ಮಾಡಿದ್ದರೆ ರಸವು ಹೆಚ್ಚುತ್ತಿತ್ತು. ಐರ್ಲೆಂಡಿನ ಯೂ ಟೂ ತಂಡವು ಜರ್ಮನಿಯು ಮರಳಿ ಒಂದಾದ ದಿನವಾದ ೧೯೯೦ರ ಅಕ್ಟೋಬರ್ ೩ರಂದೇ ಬರ್ಲಿನಿಗೆ ಬಂದಿಳಿದು, ತಮ್ಮೊಳಗೆ ಕಲಹವಾಡುತ್ತ ಆರಂಭಿಸಿದ ಅಕ್ಟುಂಗ್ ಬೇಬಿಯು ೧೯೯೧ರ ನವೆಂಬರಿನಲ್ಲಿ ಪ್ರಕಟವಾಯಿತು. ಅದೇ ತಿಂಗಳಲ್ಲಿ ಬಂದ ಲವ್‌ಲೆಸ್, ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಎರಡು ವರ್ಷಗಳ ಶ್ರಮದ ಫಲ. ಆ ತಂಡದ ಮುಂದಿನ ಸಂಪುಟಕ್ಕೆ ಕೇಳುಗರು ೨೦೧೩ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಈ ಸಂಗೀತವು ಹರಡಿದುದಕ್ಕೂ ಆ ವರ್ಷವೇ ನೆರವಾಯಿತು. ಹಾಂಕಾಂಗಿನಿಂದ ಸ್ಟಾರ್ ಸಂಸ್ಥೆಯ ಉಪಗ್ರಹ ಪ್ರಸಾರವು ೧೯೯೧ರಲ್ಲಿ ಆರಂಭವಾಗಿ, ಅದರೊಡನೆ ಎಂ.ಟಿ.ವಿ. ವಾಹಿನಿಯೂ ಪಟ್ಟಣದ ಮನೆಗಳನ್ನು ಹೊಕ್ಕಿತು. ಮೆಟಾಲಿಕಾ ತಂಡದ ಕಪ್ಪು ಹೊದಿಕೆಯ ಸಂಪುಟವು ಆಗಸ್ಟ್ ೧೨ರಂದು ಪ್ರಕಟವಾದುದು. ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಯ ಯತ್ನವು ವಿಫಲವಾದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ ೨೮ರಂದು, ಆ ನಗರದ ತುಷಿನೋ ವಿಮಾನನೆಲೆಯಲ್ಲಿ ಲಕ್ಷಾಂತರ ಜನರ ಮುಂದೆ ಇವರು ನುಡಿಸಿದರು. ಬೆಂಗಳೂರಿಗೆ ಅವರು ಬಂದುದು ೨೦ ವರ್ಷಗಳ ತರುವಾಯ. ದೆಹಲಿಯ ಬಳಿಯ ಗುರಗಾಂವಿನಲ್ಲಿ ನಡೆಯಬೇಕಾಗಿದ್ದ ಕಚೇರಿಯು ರದ್ದಾಗಿ, ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಭಾರತದ ಅವರ ಮೊದಲ ಕಚೇರಿಯು ಜರುಗಿತು. ಕಪ್ಪು ಸಂಪುಟದ ಮೊದಲ ಹಾಡಾದ ಎಂಟರ್ ಸ್ಯಾಂಡ್‌ಮನ್ ಅನ್ನು ಅಂದು ಅವರು ಕಚೇರಿಯ ಕೊನೆಯ ಭಾಗಕ್ಕೆಂದು ಇರಿಸಿಕೊಂಡಿದ್ದರು.