ಗುರ್ಲಹೊಸೂರಿನಿಂದ ಕಿರ್ಲೋಸ್ಕರವಾಡಿಗೆ

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿರುವ ಹಿತ್ತಾಳೆಯ ದೀಪ, ಅಡಕೊತ್ತು, ಬೀಗಗಳನ್ನು ನಮ್ಮಲ್ಲಿ ಅನೇಕರು ಮಕ್ಕಳೊಡನೆ ನೋಡಿ ಬಂದಿದ್ದೇವೆ. ಅವೆಲ್ಲ ಕೈಗಸುಬಿನ ಕಾಲದವು. ಲೋಹದ ಕೆಲಸವು ಯಂತ್ರೋದ್ಯಮವಾಗಿ ಬೆಳೆದ ಬಗೆಯನ್ನು ತಿಳಿಯಬೇಕಾದರೆ ಪುಣೆ–ಮಿರಜ ರೈಲುದಾರಿಯ ಕಿರ್ಲೋಸ್ಕರವಾಡಿಯನ್ನು ನೆನೆಯಬೇಕು. ಅದರ ಕಥೆ ಆರಂಭವಾದುದು ಬೆಳಗಾವಿಯಲ್ಲಿ.

ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ. ಮುಂಬಯಿಯಲ್ಲಿ ತಾಂತ್ರಿಕ ವಿದ್ಯಾಲಯದ ಶಿಕ್ಷಕರಾಗಿದ್ದ ಅವರು, ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾಗಲು, ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣನೊಡನೆ ಸೈಕಲ್ ವ್ಯಾಪಾರ ನಡೆಸಿದರು; ಬಳಿಕ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು ತಯಾರಿಸಿದರು.

ಮರದ ನೇಗಿಲು ಮಣ್ಣನ್ನು ಗೀರುತ್ತಿತ್ತು; ಕಬ್ಬಿಣದ ನೇಗಿಲು ಅದನ್ನು ಆಳದಿಂದ ಮಗುಚಿ ಹಾಕುತ್ತಿತ್ತು. ಆದರೂ ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು!

ಅಷ್ಟರಲ್ಲಿ ಊರ ವಿಸ್ತರಣೆಗಾಗಿ ಕಾರಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆಯ ಆಜ್ಞೆಯಾಯಿತು. ಆಗ ಔಂಧದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನು ಕೊಟ್ಟರು. ಪಾಪಾಸುಕಳ್ಳಿ, ಹಾವುಗಳಿಂದ ತುಂಬಿದ್ದ ಆ ಬಂಜರಿನಲ್ಲಿ 1910ರಲ್ಲಿ ಕಾರಖಾನೆಯೂ ಕಾರ್ಮಿಕರ ಊರೂ ಒಟ್ಟಿಗೆ ಎದ್ದವು. ಸೆರೆವಾಸ ಮುಗಿಸಿ ಬಂದವರಿಗೂ ಲಕ್ಷ್ಮಣರಾಯರು ಅಲ್ಲಿ ಕೆಲಸ ಕೊಟ್ಟು ಕಾವಲಿಗೆ ನಿಲ್ಲಿಸಿದರು.

1941ರಲ್ಲಿ ಈ ಮನೆತನದ ಉದ್ಯಮ ಮೈಸೂರು ಕಿರ್ಲೋಸ್ಕರವೆಂಬ ಹೆಸರಿನಿಂದ ಹರಿಹರಕ್ಕೆ ಬಂದಿತು; ಆ ಕಾರಖಾನೆ ಇಂದು ಉಳಿದಿಲ್ಲ. 1946ರಲ್ಲಿ ಅವರ ಮಗ ಶಂತನುರಾಯರು ಪುಣೆಯ ಖಡಕಿಯಲ್ಲಿ ಆಯಿಲ್ ಇಂಜಿನ್ ಕಾರಖಾನೆಯನ್ನು ಕಟ್ಟಿದರು. ಕಿರ್ಲೋಸ್ಕರವಾಡಿಯಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಗಾಜಿನ ಪೆಟ್ಟಿಗೆಯೊಳಗೆ ಸೇರದೆ, ದುಡಿಯುತ್ತಲೇ ಉಳಿದಿರುವ ಇತಿಹಾಸವಿದು.

ಲಕ್ಷ್ಮಣರಾಯರು ತೀರಿಕೊಂಡುದು 1956ರ ಸೆಪ್ಟೆಂಬರಿನಲ್ಲಿ. ಅದಾಗಿ ಒಂದು ತಿಂಗಳು ಕಳೆದು, ನವೆಂಬರ್ 1ರಂದು, ಅವರ ಹುಟ್ಟೂರು ಕನ್ನಡಿಗರ ಒಂದುಗೂಡಿದ ರಾಜ್ಯಕ್ಕೆ ಸೇರಿತು. ಅವರನ್ನು ನಮ್ಮವರೆಂದೋ ಅವರವರೆಂದೋ ಎಳೆದಾಡುವುದರಿಂದ ಯಾರಿಗೂ ಲಾಭವಿಲ್ಲ. ಒಂದು ನೆಲ ಹೆತ್ತಿತು, ಇನ್ನೊಂದು ನೆಲ ಆಶ್ರಯವಿತ್ತಿತು. ಎರಡೂ ನೆಲದ ರೈತರು ಅವರ ನೇಗಿಲಿನಿಂದ ಉತ್ತರು. ಹೊಟ್ಟೆಪಾಡಿಗಾಗಿ ಪುಣೆಗೆ ಬಂದು ನೆಲೆಸಿರುವ ನಾವು ರಾಜ್ಯೋತ್ಸವದ ದಿನ ನಮ್ಮ ಮಕ್ಕಳಿಗೆ ಹೇಳತಕ್ಕ ಮಾತು ಇದು: ಹುಟ್ಟಿದ ನಾಡಿನ ಅಭಿಮಾನವನ್ನು ಬಿಡಬೇಡಿ, ಅನ್ನವಿತ್ತ ನಾಡಿಗೆ ದುಡಿಮೆಯ ಋಣ ಸಲ್ಲಿಸಿರಿ.