ಯಾವ ಗಳೆಯ ಮತ್ತರು? ಇಳಕಲ್ ಸೀಮೆಯ ಅಳತೆಗಳೂ ಸತ್ಯವೇದದ ನ್ಯಾಯವೂ

ದರ್ಶನದಲ್ಲಿ ಕಂಡ ದೇವಾಲಯವನ್ನು ಒಬ್ಬ ಪುರುಷನು ಅಳೆಯತೊಡಗುವಾಗ ಪ್ರವಾದಿಯಾದ ಯೆಹೆಜ್ಕೇಲನು ಮೊದಲು ತಿಳಿಸುವುದು ಗೋಡೆಯ ಉದ್ದವನ್ನಲ್ಲ, ಅಳತೆಕೋಲಿನ ಉದ್ದವನ್ನು. ಅದು ಆರು ಮೊಳದ ಕೋಲು; ಆದರೆ ಅದರ ಒಂದೊಂದು ಮೊಳವೂ ರೂಢಿಯ ಮೊಳಕ್ಕಿಂತ ಅಂಗೈ ಅಗಲದಷ್ಟು ಹೆಚ್ಚಿನದು (ಯೆಹೆ. 40:5). ಸೊಲೊಮೋನನು ಕಟ್ಟಿಸಿದ ಆಲಯವನ್ನು ವರ್ಣಿಸುವ ಲೇಖಕನೂ ತಾನು ಹೇಳುವ ಮೊಳ ಹಿಂದಿನ ಕಾಲದ ಮಾನದ್ದೆಂದು ಸೂಚಿಸುತ್ತಾನೆ (2 ಪೂರ್ವ. 3:3). ಓದುವಾಗ ನಾವು ದಾಟಿಹೋಗುವ ಇಂಥ ಮಾತುಗಳಲ್ಲಿ ಒಂದು ಗಂಭೀರ ವಿಷಯ ಅಡಗಿದೆ. ಇಸ್ರಾಯೇಲಿನಲ್ಲಿ ಒಂದೇ ಹೆಸರಿನ ಎರಡು ಮೊಳಗಳಿದ್ದವು. ಯಾವ ಮೊಳವೆಂದು ಹೇಳದಿದ್ದರೆ ಸಂಖ್ಯೆಗೆ ಅರ್ಥವಿರಲಿಲ್ಲ. ಇದೇ ತೊಡಕನ್ನು ನಮ್ಮ ನಾಡು, ವಿಶೇಷವಾಗಿ ಇಳಕಲ್ ಸೀಮೆ, ಶತಮಾನಗಳ ಕಾಲ ಅನುಭವಿಸಿದೆ.

ಶಾಸನಗಳ ಎಚ್ಚರ

ಚಾಲುಕ್ಯರ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನೊಳಗೊಂಡ ಈ ಪ್ರದೇಶದಲ್ಲಿಯೂ ನೆರೆಯ ಬೆಳ್ವೊಲದಲ್ಲಿಯೂ ದೊರೆತ ದಾನಶಾಸನಗಳು ಭೂಮಿಯನ್ನು ಮತ್ತರುಗಳಲ್ಲಿ ಹೇಳುತ್ತವೆ. ಆದರೆ ಮತ್ತರು ಎಲ್ಲೆಡೆಯೂ ಒಂದೇ ವಿಸ್ತೀರ್ಣದ್ದಾಗಿರಲಿಲ್ಲ. ಅಳೆಯುವ ಗಳೆ ಬದಲಾದರೆ ಮತ್ತರೂ ಬದಲಾಗುತ್ತಿತ್ತು. ಆದಕಾರಣ ಕನ್ನಡ ನಾಡಿನ ಅನೇಕ ಶಾಸನಗಳು ಮತ್ತರುಗಳ ಸಂಖ್ಯೆಯೊಂದಿಗೆ ಗಳೆಯ ಹೆಸರನ್ನೂ ಕೆತ್ತಿದವು. ಬಳ್ಳಿಗಾವೆಯ ಭೇರುಂಡ ಗಳೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಶಾಸನಕಾರನು ಮಾಡಿದ್ದು ಯೆಹೆಜ್ಕೇಲನು ಮಾಡಿದ್ದನ್ನೇ: ಅಳತೆಯನ್ನು ಹೇಳುವ ಮುನ್ನ ಕೋಲನ್ನು ಹೇಳಿದನು.

ಒಂದು ಹೆಸರು, ಹಲವು ತೂಕ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎಚ್ಚರ ಇನ್ನಷ್ಟು ಬೇಕಾಯಿತು. ಪೇಶ್ವೆಯರ ಪತನದ ನಂತರ ಹುನಗುಂದ ಮತ್ತು ಇಳಕಲ್ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದವು. ಸಮೀಪದ ಕುಷ್ಟಗಿ, ಮುದಗಲ್ಲುಗಳು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮೂರೂ ಕಡೆ ಕನ್ನಡವೇ ಆಡುಮಾತು. ಆದರೆ ಒಂದೇ ಮಾತಿಗೆ ಒಂದೇ ತೂಕವಿರಲಿಲ್ಲ.

ಮಣವನ್ನೇ ನೋಡಬಹುದು. ಸರಕಾರಿ ಕೋಷ್ಟಕಗಳಲ್ಲಿ ಬೊಂಬಾಯಿಯ ಮಣ 28 ಪೌಂಡು, ಮದರಾಸಿನದು 25 ಪೌಂಡು, ಬಂಗಾಳದ್ದು 82 ಪೌಂಡಿಗೂ ತುಸು ಹೆಚ್ಚು. ಖಂಡಿಯ ಪಾಡೂ ಇದೇ. ಮದರಾಸಿನ ಖಂಡಿ 500 ಪೌಂಡು. ಬೊಂಬಾಯಿಯಲ್ಲಿ ಸಾಮಾನ್ಯ ಸರಕಿಗೆ 560 ಪೌಂಡು, ಹತ್ತಿಗೆ ಮಾತ್ರ 784 ಪೌಂಡು. ಬಟ್ಟೆ ಅಳೆಯುವ ಗಜ ಬೊಂಬಾಯಿಯಲ್ಲಿ 27 ಅಂಗುಲ, ಮದರಾಸಿನಲ್ಲಿ 33, ಬಂಗಾಳದಲ್ಲಿ 36. ಮದರಾಸು, ಮೈಸೂರುಗಳ ಕಚ್ಚಾ ಸೇರು 24 ತೊಲ. ಬಂಗಾಳದ ಪಕ್ಕಾ ಸೇರು 80 ತೊಲ. ಇದಲ್ಲದೆ ಸೇರು ತೂಕದ ಹೆಸರೂ ಹೌದು, ಧಾನ್ಯ ಅಳೆಯುವ ಪಾತ್ರೆಯ ಹೆಸರೂ ಹೌದು. ನಿಜಾಮರ ಹಾಲಿ ಸಿಕ್ಕಾ ನಾಣ್ಯಕ್ಕೂ ರೂಪಾಯಿಯೆಂದೇ ಹೆಸರು. ಅಂಥ 7 ರೂಪಾಯಿ ಸುಮಾರು 6 ಬ್ರಿಟಿಷ್ ರೂಪಾಯಿಗೆ ಸಮವಾಗಿತ್ತು.

ನೇಕಾರನ ಮನೆಯಲ್ಲಿ ಈ ತೊಡಕು ಇಂದಿಗೂ ಉಳಿದಿದೆ. ಇಳಕಲ್ ಸೀರೆಯಲ್ಲಿ ಹತ್ತಿಯೂ ರೇಷ್ಮೆಯೂ ಕೂಡುತ್ತವೆ. ಹತ್ತಿ ನೂಲಿನ ನಂಬರು ಇಂಗ್ಲೆಂಡಿನ ಗಿರಣಿಗಳಿಂದ ಬಂದದ್ದು: ಒಂದು ಪೌಂಡು ನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆ ಎಂಬ ಲೆಕ್ಕ. ಆದುದರಿಂದ ನಂಬರು ಏರಿದಷ್ಟೂ ನೂಲು ಸಣ್ಣದು. ರೇಷ್ಮೆಯ ಡೆನಿಯರ್ 9,000 ಮೀಟರ್ ಎಳೆಯ ತೂಕವನ್ನು ಗ್ರಾಂಗಳಲ್ಲಿ ಹೇಳುತ್ತದೆ. ಅಲ್ಲಿ ಅಂಕಿ ಏರಿದಷ್ಟೂ ಎಳೆ ದಪ್ಪ. ಒಂದೇ ಸೀರೆಯ ಎರಡು ಎಳೆಗಳನ್ನು ಪರಸ್ಪರ ವಿರುದ್ಧವಾಗಿ ಎಣಿಸುವ ಎರಡು ಪದ್ಧತಿಗಳು ಅಳೆಯುತ್ತವೆ.

ಮಿಷನರಿಗಳ ತಾಯ್ನಾಡು

ಇದನ್ನು ಭಾರತದ ಹಿಂದುಳಿದಿರುವಿಕೆಯ ಗುರುತೆಂದು ತಿಳಿಯಬಾರದು. ನೇಕಾರರ ಊರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ತನ್ನ ಠಾಣೆಯನ್ನು ತೆರೆದದ್ದು 1851ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಷ್ಟೇ ಸ್ವಿಟ್ಜರ್ಲೆಂಡಿನ ಒಕ್ಕೂಟ ಸರಕಾರವು ಇಡೀ ದೇಶಕ್ಕೆ ಒಂದೇ ಅಳತೆ-ತೂಕದ ಕಾನೂನನ್ನು ಅಂಗೀಕರಿಸಿತು. ಅದಕ್ಕೂ ಮುಂಚೆ ಅಲ್ಲಿಯೂ ಪ್ರಾಂತಕ್ಕೊಂದು ಮೊಳ, ಪ್ರಾಂತಕ್ಕೊಂದು ಪೌಂಡು ಇದ್ದವು. ಜರ್ಮನಿಯಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದದ್ದು 1872ರಲ್ಲಿ. ಒಂದೇ ಭಾಷೆಯನ್ನಾಡುವ ಇಂಗ್ಲೆಂಡ್ ಮತ್ತು ಅಮೆರಿಕಗಳ ಗ್ಯಾಲನ್ನುಗಳು 1824ರ ಬ್ರಿಟಿಷ್ ಕಾನೂನಿನಿಂದ ಬೇರೆಯಾದವು. ಇಂದಿಗೂ ಒಂದು 4.5 ಲೀಟರಿಗೆ ಮೇಲ್ಪಟ್ಟು, ಇನ್ನೊಂದು 3.8 ಲೀಟರಿನಷ್ಟೂ ಇಲ್ಲ. ಹೆಸರುಗಳು ಭಾಷೆಯೊಡನೆ ಪಯಣಿಸುತ್ತವೆ. ಅಳತೆಯನ್ನು ನಿಗದಿಮಾಡುವುದು ಅಧಿಕಾರ.

ಅಂತರದಲ್ಲಿ ಸಿಕ್ಕವರು

ಹೆಸರಿಗೂ ಅಳತೆಗೂ ನಡುವಣ ಅಂತರದಲ್ಲಿ ನಷ್ಟ ಯಾರದು? ಎರಡೂ ಮಾನಗಳನ್ನು ಬಲ್ಲ ವರ್ತಕನದಲ್ಲ. ತನ್ನದೇ ಸೇರಿನಿಂದ ಬೆಳೆಯನ್ನು ಮನೆಯಲ್ಲಿ ಅಳೆದು ಇನ್ನೊಬ್ಬರ ಸೇರಿಗೆ ಮಾರಬೇಕಾದ ರೈತನದು. ನೂಲನ್ನು ತೂಕದಿಂದ ಕೊಂಡು ಬಟ್ಟೆಯನ್ನು ಉದ್ದದಿಂದ ಕೊಡುವ ನೇಕಾರನದು. ಧರ್ಮಶಾಸ್ತ್ರವು ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ತೂಕದ ಕಲ್ಲನ್ನು ಇಡಬಾರದೆನ್ನುವುದು ಇದಕ್ಕಾಗಿಯೇ (ಧರ್ಮೋ. 25:13-16). ಎರಡೂ ಕಲ್ಲುಗಳನ್ನು ಒಂದೇ ಹೆಸರಿನಿಂದ ಕರೆಯುವುದೇ ಅಲ್ಲಿನ ಮೋಸ. ಆಮೋಸನು ಖಂಡಿಸಿದ ವರ್ತಕರೂ ಹೊಸ ಹೆಸರನ್ನು ಹುಟ್ಟಿಸಲಿಲ್ಲ. ಏಫವನ್ನು ಏಫವೆಂದೇ ಕರೆದು ಕಿರಿದುಮಾಡಿದರು (ಆಮೋಸ 8:5).

ಸ್ವಾತಂತ್ರ್ಯಾನಂತರ ಎರಡು ಗಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಅಳಿದವು. 1956ರ ನವೆಂಬರ್ 1ರಂದು ಹುನಗುಂದವೂ ಕುಷ್ಟಗಿಯೂ ಒಂದೇ ರಾಜ್ಯಕ್ಕೆ ಸೇರಿದವು. ಅದೇ ವರ್ಷ ಸಂಸತ್ತು ಅಳತೆ-ತೂಕಗಳ ಕಾಯಿದೆಯನ್ನು ಅಂಗೀಕರಿಸಿತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯವೂ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕವೂ ಬಂದವು. ಪಕ್ಕಾ ಸೇರು 933 ಗ್ರಾಂ ಎಂದು ಲೆಕ್ಕವಾಯಿತು. ಆದರೆ ಹೆಸರುಗಳು ಸಾಯಲಿಲ್ಲ. 11.66 ಗ್ರಾಂ ಇದ್ದ ತೊಲವು ಇಂದು ಚಿನ್ನದಂಗಡಿಯ ರೂಢಿಯಲ್ಲಿ 10 ಗ್ರಾಂ. ಹತ್ತಿಯ ಖಂಡಿ ಇಂದಿಗೂ 356 ಕಿಲೋ. ಅದು ಹಳೆಯ 784 ಪೌಂಡೇ.

ಉಪಸಂಹಾರ

ಮಣವೆಂಬ ಹೆಸರನ್ನು ವಿದ್ವಾಂಸರು ಬಾಬೆಲಿನ ಪ್ರಾಚೀನ ತೂಕವಾದ ಮಿನಾದೊಂದಿಗೆ ಸಂಬಂಧಿಸಿದ್ದಾರೆ. ಬೇಲ್ಶಚ್ಚರನ ಅರಮನೆಯ ಗೋಡೆಯಲ್ಲಿ ಕಾಣಿಸಿದ ಮೊದಲ ಪದವೂ ಅದೇ ತೂಕದ ಹೆಸರೆಂದು ಅನೇಕರ ವ್ಯಾಖ್ಯಾನ (ದಾನಿ. 5:25). ಸಂತೆಯಲ್ಲಿ ನಾವು ಸರಾಗವಾಗಿ ಆಡುವ ಮಾತು ಅಲ್ಲಿ ಅರಸನನ್ನೇ ತೂಗಿತು.

ಕನ್ನಡ ಸತ್ಯವೇದದಲ್ಲಿ ಮೊಳ, ಗೇಣು, ಸೇರುಗಳನ್ನು ಓದುವ ನಮಗೆ ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಹೆಸರು ಭಾಷಾಂತರವಾದ ಮಾತ್ರಕ್ಕೆ ಅಳತೆ ಭಾಷಾಂತರವಾಗುವುದಿಲ್ಲವೆಂಬುದನ್ನು ವ್ಯಾಖ್ಯಾನಕಾರನು ಮರೆಯಬಾರದು. ಸಭೆಯ ಭೂಮಿಯ ಹಳೆಯ ಕಾಗದಗಳನ್ನಾಗಲಿ, ಸುಗ್ಗಿಯ ಕಾಣಿಕೆಯ ಲೆಕ್ಕವನ್ನಾಗಲಿ ಬರೆಯುವ, ಓದುವ ಸಭಾಪಾಲಕನು ಅಂಕಿಯ ಜೊತೆಗೆ ಮಾನವನ್ನೂ ಸ್ಪಷ್ಟಪಡಿಸಬೇಕು. ಹಳೆಯ ಶಾಸನಕಾರನು ಗಳೆಯ ಹೆಸರನ್ನು ಕಲ್ಲಿನ ಮೇಲೆ ಬರೆಸಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ದಾನ ಪಡೆದವನ ಮೊಮ್ಮಕ್ಕಳ ಹೊಲವನ್ನು ಮುಂದೆ ಯಾರೂ ಚಿಕ್ಕ ಕೋಲಿನಿಂದ ಅಳೆಯಬಾರದೆಂದು.