ನಕ್ಷೆಗಾಗಿ ಊರೂರು ಸುತ್ತಿದವರು

ಬೆಂಗಳೂರಿನ ನನ್ನ ಗೆಳೆಯ ಇಂಟೀರಿಯರ್ ಡಿಸೈನರ್. ಐಡಿಯಾ ಬೇಕು ಅಂತ ರಾಜಸ್ಥಾನ, ಬಾಲಿ ಸುತ್ತಿ ಬಂದವನು. ಹೋದ ಸಲ ಸೋಸಲೆಗೆ ಬಂದಾಗ ನಮ್ಮ ತಾಲ್ಲೂಕಿನದೇ ಸೋಮನಾಥಪುರಕ್ಕೆ ಕರ್ಕೊಂಡು ಹೋದೆ. ಕತ್ತೆತ್ತಿ ಭುವನೇಶ್ವರಿಗಳನ್ನ ನೋಡ್ತಾ ನಿಂತವನು ಅರ್ಧ ಗಂಟೆ ಅಲುಗಾಡಲಿಲ್ಲ. ಅಲ್ಲಿ 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನ ಕಲ್ಲಿನಲ್ಲೇ ಕೆತ್ತಿಟ್ಟಿದ್ದಾನೆ.

ಮಾರನೇ ದಿನ ಮೈಸೂರು ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಹೊತ್ತಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೊಸದರ ನಕ್ಷೆ ಹೆನ್ರಿ ಇರ್ವಿನ್ ಅವರದು. ಕಟ್ಟಿಸುವ ಕೆಲಸ ಅರಮನೆ ವಿಭಾಗದ ಎಕ್ಸಿಕ್ಯುಟಿವ್ ಇಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು ಅವರ ಹೆಗಲಿಗೆ ಬಿತ್ತು. ದೆಹಲಿ, ಮದರಾಸು, ಕಲ್ಕತ್ತಾಗಳಿಗೆ ಹೋಗಿ ಕಟ್ಟಡಗಳನ್ನ ಅಭ್ಯಾಸ ಮಾಡಿಬಂದಿದ್ದವರು ಅವರು. ನೋಡಿದ್ದು ಹೊಸ ಯೋಜನೆಗೆ ಬಳಕೆಯಾಯಿತು. ಗೂಗಲ್ ಇಲ್ಲದ ಕಾಲ, ಕಣ್ಣಾರೆ ನೋಡಲೇಬೇಕಿತ್ತು! ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳನ್ನ ದೂರದ ಗ್ಲಾಸ್ಗೋದಲ್ಲಿ ಎರಕ ಹೊಯ್ದರು. ಸೂರಿನ ಬಣ್ಣದ ಗಾಜಿನಲ್ಲಿ ಮಾತ್ರ ನಮ್ಮ ನವಿಲುಗಳು. 1912ಕ್ಕೆ ಕೆಲಸ ಮುಗಿದಾಗ ಖರ್ಚು 41 ಲಕ್ಷ ದಾಟಿತ್ತು.

ಆ ನವಿಲುಗಳ ಕೆಳಗೆ ನಿಂತು ಗೈಡು ಇರ್ವಿನ್ ಹೆಸರು ಹೇಳಿ ಮುಂದೆ ಹೋದ. ನಾನು ಇನ್ನೊಂದು ಹೆಸರು ಹೇಳಿದೆ. ಗೆಳೆಯ ಮೊಬೈಲ್ ತೆಗೆದು, ‘ನಾಯ್ಡು... ಇನಿಶಿಯಲ್ ಏನಂದೆ?’ ಅಂತ ಕೇಳಿ ಬರ್ಕೊಂಡ.